ಐಐಎಂ ಸೀಟಿಗೆ ಮುನ್ನ ಮನೆಯ ಲೆಕ್ಕ

‘ನಮ್ಮ ಹುಡುಗನಿಗೆ ಐಐಎಂ ಸಿಗಬಹುದಾ?’

ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಕಡೆಯ ಮನೆಗಳಿಂದ ಈಚೆಗೆ ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಹೆಚ್ಚು. ಬ್ಯಾಂಕಿನಲ್ಲಿದ್ದಾಗ ನಾನು ಶಿಕ್ಷಣ ಸಾಲದ ಅರ್ಜಿಗಳನ್ನು ನೋಡುತ್ತಿದ್ದೆ. ಆಗ ಅಪ್ಪ ಮಕ್ಕಳು ನನ್ನ ಮೇಜಿನ ಮುಂದೆ ಬಂದು ಕೂರುತ್ತಿದ್ದುದು ಸೀಟು ಸಿಕ್ಕಿ, ಮುಂಗಡ ಕಟ್ಟಿ, ಬಾಕಿ ಶುಲ್ಕಕ್ಕೆ ದಾರಿ ಕಾಣದೆ ಹೋದ ಮೇಲೆ. ಅಷ್ಟು ಹೊತ್ತಿಗೆ ಲೆಕ್ಕ ಹಾಕಲು ಏನೂ ಉಳಿದಿರುತ್ತಿರಲಿಲ್ಲ. ಈಗ ನಿವೃತ್ತನಾಗಿ ಮನೆಯಲ್ಲಿರುವಾಗ ಅದೇ ಪ್ರಶ್ನೆ ಎರಡು ವರ್ಷ ಮುಂಚೆಯೇ ಬರುತ್ತಿದೆ. ಇದು ನಿಜಕ್ಕೂ ಸಂತೋಷದ ವಿಷಯ. ಸೀಟು ಸಿಗುವ ಸಾಧ್ಯತೆ ಎಷ್ಟು ಎಂಬುದನ್ನು ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲೇ, ಮನೆಯವರೆಲ್ಲ ಕೂತು, ಕಾಗದದ ಮೇಲೆ ಅಂಕಿಗಳಲ್ಲಿ ಬರೆಯಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ. ‘ಹುಡುಗ ಬುದ್ಧಿವಂತ’ ಎಂಬ ಒಂದೇ ಮಾತಿನ ಮೇಲೆ ತೋಟದ ಎರಡು ವರ್ಷದ ಫಸಲನ್ನು ಇಡುವುದು ಸರಿಯಲ್ಲ.

ಮೊದಲು ಸ್ಪರ್ಧೆಯ ಗಾತ್ರ ನೋಡೋಣ. ಐಐಎಂ ಪ್ರವೇಶಕ್ಕಿರುವ ಕ್ಯಾಟ್ ಪರೀಕ್ಷೆ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ. 2024ರಲ್ಲಿ ಅದನ್ನು ಬರೆದವರು ಸುಮಾರು 2.93 ಲಕ್ಷ ಜನ. 99 ಪರ್ಸೆಂಟೈಲ್ ಬಂತೆಂದರೆ ನಮ್ಮ ಕಡೆ ಸಿಹಿ ಹಂಚುತ್ತಾರೆ. ಹಂಚಲಿ, ಅದು ಸಣ್ಣ ಸಾಧನೆಯಲ್ಲ. ಆದರೆ ಆ 99ರ ಮೇಲೆ ಇನ್ನೂ 2,900 ಮಂದಿ ಇರುತ್ತಾರೆ. 97 ಎಂದರೆ ಮುಂದಿರುವವರು ಸುಮಾರು 8,800. 95 ಎಂದರೆ 14,600ಕ್ಕೂ ಹೆಚ್ಚು. ಶೇಕಡಾ 95 ಅಂಕಕ್ಕೂ 95 ಪರ್ಸೆಂಟೈಲ್‌ಗೂ ಸಂಬಂಧವೇ ಇಲ್ಲ ಎಂಬುದನ್ನು ತಂದೆತಾಯಿಗೆ ಬಿಡಿಸಿ ಹೇಳುವುದರಲ್ಲೇ ನನ್ನ ಅರ್ಧ ಗಂಟೆ ಹೋಗುತ್ತದೆ.

ಇನ್ನೊಂದು ಕಡೆ ಸೀಟು. ದೇಶದಲ್ಲಿ 20ಕ್ಕೂ ಹೆಚ್ಚು ಐಐಎಂಗಳಿವೆ. ಆದರೆ ಜನ ಐಐಎಂ ಎಂದಾಗ ಮನಸ್ಸಿನಲ್ಲಿರುವುದು 1961ರಲ್ಲಿ ಆರಂಭವಾದ ಅಹಮದಾಬಾದ್, ಕೋಲ್ಕತ್ತಾ ಮತ್ತು 1973ರಲ್ಲಿ ಶುರುವಾದ ನಮ್ಮ ಬೆಂಗಳೂರು. ಇವುಗಳಲ್ಲಿ ಎರಡು ವರ್ಷದ ಮುಖ್ಯ ಕೋರ್ಸಿಗೆ ತಲಾ 400ರಿಂದ 500ರ ಆಸುಪಾಸಿನಲ್ಲಿ ಸೀಟುಗಳು. ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ 7.5, ಹಿಂದುಳಿದ ವರ್ಗಕ್ಕೆ 27, ಆರ್ಥಿಕವಾಗಿ ಹಿಂದುಳಿದವರಿಗೆ 10. ಇವನ್ನು ಕಳೆದರೆ ಎಲ್ಲರಿಗೂ ತೆರೆದಿರುವುದು ಶೇ 40.5. ಅಂದರೆ 450 ಸೀಟಿನಲ್ಲಿ 182. ಮೀಸಲಾತಿಯ ಬಗ್ಗೆ ಯಾರಿಗೆ ಯಾವ ಅಭಿಪ್ರಾಯವೇ ಇರಲಿ, ಲೆಕ್ಕದ ಹಾಳೆಯಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ. ತನ್ನ ಮಗ ಯಾವ ಸಾಲಿನಲ್ಲಿ ನಿಲ್ಲುತ್ತಾನೆ, ಆ ಸಾಲಿನಲ್ಲಿ ಸೀಟು ಎಷ್ಟು ಎಂಬುದಷ್ಟೇ ಮುಖ್ಯ.

ಆ ಸಾಲು ಯಾವುದು ಎಂಬಲ್ಲೇ ಮಲೆನಾಡಿನ ಕುಟುಂಬಗಳು ಎಡವುತ್ತವೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಆರ್ಥಿಕವಾಗಿ ಹಿಂದುಳಿದವರ ಕೋಟಾಕ್ಕೆ ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು ಎಂಬುದು ಎಲ್ಲರಿಗೂ ಗೊತ್ತು. ಕುಟುಂಬಕ್ಕೆ 5 ಎಕರೆ ಅಥವಾ ಅದಕ್ಕಿಂತ ಹೆಚ್ಚು ಕೃಷಿ ಜಮೀನಿದ್ದರೆ ಆದಾಯ ಎಷ್ಟೇ ಕಡಿಮೆಯಿದ್ದರೂ ಅರ್ಹತೆಯಿಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. ಹಳದಿ ಎಲೆ ರೋಗ ಹೊಡೆದು ಫಸಲು ಕಾಲುಭಾಗಕ್ಕೆ ಇಳಿದ ಅಡಿಕೆ ತೋಟವೂ ಪಹಣಿಯಲ್ಲಿ ತೋಟವೇ. ಒಣಗಿದ ಮರಗಳಿರುವ ಆರು ಎಕರೆಯೂ ಆರು ಎಕರೆಯೇ. ಹಿಂದುಳಿದ ವರ್ಗದ ವಿಷಯದಲ್ಲಿ ಇನ್ನೂ ಎರಡು ಸೂಕ್ಷ್ಮಗಳಿವೆ. ಒಂದು, ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ. ಸಿಇಟಿಯಲ್ಲಿ ಮೀಸಲಾತಿ ಸಿಕ್ಕ ಕಾರಣಕ್ಕೆ ಐಐಎಂನಲ್ಲೂ ಸಿಗುತ್ತದೆ ಎಂದು ನಂಬಬೇಡಿ. ತಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಿ. ಎರಡನೆಯದು ಕೆನೆಪದರ. ಕೆನೆಪದರದ ಆದಾಯ ಲೆಕ್ಕದಲ್ಲಿ ತಂದೆತಾಯಿಯ ಸಂಬಳವನ್ನೂ ಕೃಷಿ ಆದಾಯವನ್ನೂ ಸೇರಿಸುವುದಿಲ್ಲ. ಆದರೆ 1993ರ ಕೇಂದ್ರ ಸರ್ಕಾರದ ಆದೇಶದ ಪ್ರಕಾರ ಕಾಫಿ, ಟೀ, ರಬ್ಬರ್ ಪ್ಲಾಂಟೇಶನ್‌ಗಳಿಗೆ ಆದಾಯದ ಮಿತಿ ಅನ್ವಯಿಸುತ್ತದೆ. ಬಾಳೆಹೊನ್ನೂರಿನ ಕಾಫಿ ಬೆಳೆಗಾರ, ನರಸಿಂಹರಾಜಪುರದ ರಬ್ಬರ್ ಬೆಳೆಗಾರ ಇದನ್ನು ತಿಳಿಯದೆ ಅರ್ಜಿಯಲ್ಲಿ ಕೋಟಾ ತುಂಬಿದರೆ, ಸಂದರ್ಶನವನ್ನೂ ದಾಟಿದ ಮೇಲೆ ದಾಖಲೆ ಪರಿಶೀಲನೆಯಲ್ಲಿ ಸೀಟು ಕೈತಪ್ಪುವ ಅಪಾಯವಿದೆ.

ಇನ್ನು ಹುಡುಗನ ಅಂಕಪಟ್ಟಿ. ಇದರಲ್ಲಿ ಬದಲಾಯಿಸಲಾಗದ್ದು ಯಾವುದು, ಬದಲಾಯಿಸಬಹುದಾದದ್ದು ಯಾವುದು ಎಂದು ಗೆರೆ ಎಳೆಯಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಅಂಕಗಳು ಆಗಲೇ ಬರೆದಾಗಿವೆ. ಕ್ಯಾಟ್ ಅಂಕ ಮಾತ್ರ ನೋಡುತ್ತಾರೆಂಬ ಭಾವನೆ ಬಹಳ ಜನರಲ್ಲಿದೆ. ಆದರೆ ಬೆಂಗಳೂರು ಮತ್ತು ಅಹಮದಾಬಾದ್ ಎರಡೂ ಸಂದರ್ಶನಕ್ಕೆ ಕರೆಯುವಾಗಲೇ ಹಳೆಯ ಅಂಕಗಳನ್ನು, ಕೆಲಸದ ಅನುಭವವನ್ನು ತೂಗುತ್ತವೆ. ಬೆಂಗಳೂರಿನ ಪದ್ಧತಿ ನನಗೆ ನ್ಯಾಯವಾಗಿ ಕಾಣುತ್ತದೆ. ಹತ್ತನೇ ತರಗತಿ ಮತ್ತು ಹನ್ನೆರಡನೇ ತರಗತಿಯ ಅಂಕವನ್ನು ಅವರು ಹಾಗೇ ತೆಗೆದುಕೊಳ್ಳುವುದಿಲ್ಲ. ಅದೇ ಬೋರ್ಡಿನಿಂದ ಅರ್ಜಿ ಹಾಕಿದವರಲ್ಲಿ 90ನೇ ಪರ್ಸೆಂಟೈಲ್ ಎಷ್ಟಿದೆಯೋ ಅದರಿಂದ ಭಾಗಿಸುತ್ತಾರೆ. ಕೊಪ್ಪದ ಪಿಯು ಕಾಲೇಜಿನ ಹುಡುಗಿಯನ್ನು ದೆಹಲಿಯ ಸಿಬಿಎಸ್ಇ ಹುಡುಗಿಯ ಪಕ್ಕ ನೇರವಾಗಿ ನಿಲ್ಲಿಸುವುದಿಲ್ಲ, ಕರ್ನಾಟಕದ ಪಿಯು ಮಕ್ಕಳ ಜೊತೆ ಹೋಲಿಸುತ್ತಾರೆ. ಕೋಲ್ಕತ್ತಾದ ದಾರಿ ಬೇರೆ. ಅಲ್ಲಿ ಹಲವು ವರ್ಷ ಶೇ 80 ದಾಟಿದವರಿಗೆಲ್ಲ ಆ ಭಾಗದ ಪೂರ್ತಿ ಅಂಕ ಕೊಟ್ಟಿದ್ದಾರೆ. ಹೀಗಾಗಿ ಒಬ್ಬನೇ ಅಭ್ಯರ್ಥಿ ಒಂದು ಕಡೆ ಬಲಹೀನ, ಇನ್ನೊಂದು ಕಡೆ ಸಮಬಲ. ಪ್ರತಿ ಸಂಸ್ಥೆಯೂ ತನ್ನ ಆಯ್ಕೆಯ ಸೂತ್ರವನ್ನು ಪ್ರತಿವರ್ಷ ಪ್ರಕಟಿಸುತ್ತದೆ. ಅದನ್ನು ಓದಿ ತನ್ನ ಅಂಕವನ್ನು ತಾನೇ ಕೂಡಿ ನೋಡುವುದಕ್ಕೆ ಯಾವ ಸಲಹೆಗಾರನಿಗೂ ದುಡ್ಡು ಕೊಡಬೇಕಿಲ್ಲ.

ಕನಿಷ್ಠ ಅರ್ಹತೆಯ ಪರ್ಸೆಂಟೈಲ್ ಎಂದು ಅವರು ಪ್ರಕಟಿಸುವ ಅಂಕಿಯನ್ನು ನೋಡಿ ಮಾತ್ರ ಯಾರೂ ಹಿಗ್ಗಬೇಡಿ. ಅದು ಅರ್ಜಿ ಪರಿಶೀಲನೆಗೆ ಒಳಬಿಡುವ ಮಟ್ಟ, ನಿಜವಾಗಿ ಕರೆ ಬರುವ ಮಟ್ಟ ಅದಕ್ಕಿಂತ ಎಷ್ಟೋ ಮೇಲಿರುತ್ತದೆ.

ಬದಲಾಯಿಸಬಹುದಾದದ್ದು ಕ್ಯಾಟ್ ಅಂಕ. ಅದನ್ನು ಅಂದಾಜು ಮಾಡಲು ಇರುವ ನಂಬಬಹುದಾದ ಸಾಧನ ಅಣಕು ಪರೀಕ್ಷೆಗಳು. ಮಕ್ಕಳು ಬಂದು ತಮ್ಮ ಅತಿ ಒಳ್ಳೆಯ ಮಾಕ್ ಅಂಕವನ್ನು ಹೇಳುತ್ತಾರೆ. ನಾನು ಕೇಳುವುದು ಸರಾಸರಿಯನ್ನು, ಅದಾದ ಮೇಲೆ ಅತಿ ಕಡಿಮೆ ಬಂದ ವಿಭಾಗವನ್ನು. ಇಂಗ್ಲಿಷ್ ಓದು, ತರ್ಕ ಮತ್ತು ದತ್ತಾಂಶ, ಗಣಿತ ಎಂಬ ಮೂರು ವಿಭಾಗಗಳಿಗೆ ತಲಾ 40 ನಿಮಿಷ. ಒಂದರಲ್ಲಿ ಉಳಿಸಿದ ಸಮಯವನ್ನು ಇನ್ನೊಂದಕ್ಕೆ ಕೊಡುವಂತಿಲ್ಲ, ಪ್ರತಿ ವಿಭಾಗಕ್ಕೂ ಬೇರೆ ಕನಿಷ್ಠ ಅಂಕವಿದೆ. ಆಯ್ಕೆ ಪ್ರಶ್ನೆ ತಪ್ಪಾದರೆ ಒಂದು ಅಂಕ ಹೋಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮ ಮಕ್ಕಳಿಗೆ ಗಣಿತ ತೊಡಕಾಗಿದ್ದನ್ನು ನಾನು ಕಂಡಿದ್ದು ಕಡಿಮೆ, ಉದ್ದನೆಯ ಇಂಗ್ಲಿಷ್ ಗದ್ಯದಲ್ಲೇ ಸೋಲುತ್ತಾರೆ. ಅದಕ್ಕೆ ಆರು ತಿಂಗಳ ಕೋಚಿಂಗ್ ಸಾಲದು, ಎರಡು ವರ್ಷದ ಓದು ಬೇಕು. ಪದವಿಯ ಎರಡನೇ ವರ್ಷದಲ್ಲಿರುವವರಿಗೆ ನಾನು ಹೇಳುವುದು ದಿನಾ ಒಂದು ಒಳ್ಳೆಯ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟ ಓದಿ ಎಂದು. ತಿಂಗಳಿಗೆ ಕೆಲವು ನೂರು ರೂಪಾಯಿಯ ಖರ್ಚು ಅದು.

ನನ್ನ ತಂಗಿಯ ಮಗಳ ವಿಷಯದಲ್ಲಿ ಈ ಲೆಕ್ಕವನ್ನು ಮನೆಯಲ್ಲೇ ಮಾಡಿದ್ದೇವೆ. ಎಸ್ಸೆಸ್ಸೆಲ್ಸಿಯಲ್ಲಿ ಶೇ 91, ಪಿಯುಸಿಯಲ್ಲಿ 84, ಎಂಜಿನಿಯರಿಂಗ್‌ನಲ್ಲಿ 7.6. ಬೆಂಗಳೂರಿನಲ್ಲಿ ಎರಡು ವರ್ಷದ ಸಾಫ್ಟ್‌ವೇರ್ ಕೆಲಸ, ಯಾವ ಮೀಸಲಾತಿಯೂ ಇಲ್ಲ. ಮಾಕ್‌ಗಳ ಸರಾಸರಿ 96ರ ಹತ್ತಿರ. ‘ಬೆಂಗಳೂರು ಐಐಎಂಗೆ ನೂರರಲ್ಲಿ ಎಷ್ಟು ಎಂದು ನೀನೇ ಬರೆ’ ಎಂದೆ. ಬಹಳ ಹೊತ್ತು ಯೋಚಿಸಿ 3 ಎಂದು ಬರೆದಳು. ಆಮೇಲೆ ಹೊಸ ಐಐಎಂಗಳ ಮುಂದೆ 60 ಎಂದು ಬರೆದಳು. ಆ ಎರಡು ಅಂಕಿಗಳು ಎಲ್ಲವನ್ನೂ ತೀರ್ಮಾನಿಸಿದವು. ಪ್ರಶ್ನೆ ‘ಐಐಎಂ ಸಿಗುತ್ತದೆಯೇ’ ಎಂಬಲ್ಲಿಂದ ‘ಸಿಗಬಹುದಾದ ಐಐಎಂ ಅದರ ಬೆಲೆಗೆ ತಕ್ಕದ್ದೇ’ ಎಂಬಲ್ಲಿಗೆ ಬಂತು. ದುಡ್ಡಿನ ಪ್ರಶ್ನೆ ಅದೇ.

ಕ್ಯಾಟ್‌ನಲ್ಲಿ ಅವಳಿಗೆ ಬಂದದ್ದು 97.4. ನಾವು ಬರೆದಿಟ್ಟ ಹಾಗೇ ಮೊದಲ ಮೂರರಿಂದ ಕರೆ ಬರಲಿಲ್ಲ, 2010ರ ನಂತರ ಶುರುವಾದ ಒಂದು ಐಐಎಂನಲ್ಲಿ ಸೀಟು ಸಿಕ್ಕಿತು. ಬೆಂಗಳೂರು, ಅಹಮದಾಬಾದ್‌ಗಳಲ್ಲಿ ಎರಡು ವರ್ಷದ ಶುಲ್ಕ ಈಗ 25 ಲಕ್ಷದ ಆಸುಪಾಸಿನಲ್ಲಿದೆ. ಅವಳಿಗೆ ಊಟ, ವಸತಿ, ಲ್ಯಾಪ್‌ಟಾಪ್ ಎಲ್ಲ ಸೇರಿ 20 ಲಕ್ಷ. ಆದರೆ ನಿಜವಾದ ಬೆಲೆ ಅಷ್ಟೇ ಅಲ್ಲ. ಅವಳ ಕೈಗೆ ಬರುತ್ತಿದ್ದ ತಿಂಗಳ ಸಂಬಳ 52,000. ಕೆಲಸ ಬಿಟ್ಟ 24 ತಿಂಗಳಿಗೆ ಅದೇ ಸುಮಾರು 12.5 ಲಕ್ಷ. ಒಟ್ಟು 32 ಲಕ್ಷ ದಾಟಿತು. ಈ ಎರಡನೇ ಭಾಗವನ್ನು ಯಾವ ಕಾಲೇಜೂ ತನ್ನ ಕೈಪಿಡಿಯಲ್ಲಿ ಅಚ್ಚು ಹಾಕುವುದಿಲ್ಲ, ಯಾವ ಮನೆಯವರೂ ತಾವಾಗಿ ಬರೆಯುವುದಿಲ್ಲ.

20 ಲಕ್ಷ ಸಾಲ, ಶೇ 9 ಬಡ್ಡಿ ಎಂದು ಹಿಡಿದೆವು. ಓದುವ ಕಾಲದ ಬಡ್ಡಿ ಸೇರಿ ಕಂತು ಶುರುವಾಗುವ ಹೊತ್ತಿಗೆ ಅದು 23 ಲಕ್ಷವಾಗುತ್ತದೆ. ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 29,000. ನನ್ನ ಭಾವನಿಗೆ ಇದು ಮನಸ್ಸಿಗೆ ಹತ್ತಲಿ ಎಂದು ಅಡಿಕೆಯಲ್ಲಿ ಹೇಳಿದೆ. ರಾಶಿ ಇಡಿ ಕ್ವಿಂಟಾಲಿಗೆ 50,000 ಎಂದಿಟ್ಟುಕೊಂಡರೆ ವರ್ಷಕ್ಕೆ ಏಳು ಕ್ವಿಂಟಾಲ್, ಹತ್ತು ವರ್ಷ. ಕೊಯ್ಲಿನ ಕೂಲಿ, ಗೊಬ್ಬರ, ಬೋರ್ಡೋ ಸಿಂಪಡಣೆ ಕಳೆಯದೆಯೇ ಏಳು ಕ್ವಿಂಟಾಲ್. ಎಲೆಚುಕ್ಕಿ ರೋಗ ಬಂದ ಮೇಲೆ ಮುಂದಿನ ವರ್ಷದ ಫಸಲು ಎಷ್ಟೆಂದು ಹೇಳಬಲ್ಲ ಬೆಳೆಗಾರ ನಮ್ಮ ಮೂರು ತಾಲ್ಲೂಕಿನಲ್ಲಿ ಇಲ್ಲ. ಆದ್ದರಿಂದ ಕಂತು ತೋಟದಿಂದ ಹೋಗಬಾರದು, ಅವಳ ಸಂಬಳದಿಂದಲೇ ಹೋಗಬೇಕು ಎಂದು ಗೆರೆ ಎಳೆದೆವು.

ಸಂಬಳ ಎಷ್ಟೆಂದು ಅಂದಾಜಿಸುವಾಗ ಕಾಲೇಜು ಪ್ರಚಾರ ಮಾಡುವ ಅತಿ ದೊಡ್ಡ ಪ್ಯಾಕೇಜನ್ನು ಬದಿಗಿಟ್ಟೆವು. ಸರಾಸರಿಯನ್ನೂ ಬದಿಗಿಟ್ಟೆವು, ಏಕೆಂದರೆ ನಾಲ್ಕು ಜನರ ಭಾರೀ ಸಂಬಳ ಸರಾಸರಿಯನ್ನು ಎತ್ತಿಬಿಡುತ್ತದೆ. ಸಾಲಿನ ಸರಿ ಮಧ್ಯದಲ್ಲಿ ನಿಂತ ವಿದ್ಯಾರ್ಥಿಗೆ ಎಷ್ಟು ಸಿಕ್ಕಿತು ಎಂಬ ಮೀಡಿಯನ್ ಅಂಕಿಯನ್ನು ತೆಗೆದುಕೊಂಡು, ಅದರಲ್ಲೂ ಕಾಲುಭಾಗ ಕಳೆದೆವು. ಪ್ಯಾಕೇಜಿನಲ್ಲಿ ಪಿಎಫ್, ಬೋನಸ್, ಸಿಗಬಹುದಾದ, ಸಿಗದೆಯೂ ಇರಬಹುದಾದ ಬಾಬ್ತುಗಳೆಲ್ಲ ಸೇರಿರುತ್ತವಲ್ಲ. ತೆರಿಗೆ ಕಳೆದು ಕೈಗೆ 85,000 ಎಂದು ಬರೆದೆವು. ಕಂತು ಅದರ ಮೂರನೇ ಒಂದು ಭಾಗ. ಬಿಗಿ, ಆದರೆ ಸಾಧ್ಯ. ಅವಳು ಸೇರಿದಳು. ಈಗ ಕೆಲಸದಲ್ಲಿದ್ದಾಳೆ, ಕೈಸಂಬಳ ನಾವು ಬರೆದದ್ದಕ್ಕಿಂತ ತುಸು ಹೆಚ್ಚು, ಕಾಲೇಜು ಹೇಳಿದ ಸರಾಸರಿಗಿಂತ ಸಾಕಷ್ಟು ಕಡಿಮೆ. ಕಂತು ಅವಳ ಖಾತೆಯಿಂದಲೇ ಹೋಗುತ್ತಿದೆ.

ಸಾಲದ ವಿಷಯದಲ್ಲಿ ತೋಟದ ಮನೆಯವರಿಗೆ ಒಂದು ಮಾತು ಮೊದಲೇ ಗೊತ್ತಿರಬೇಕು. ‘ತೋಟ ಇದೆ, ಅಡ ಇಟ್ಟರಾಯಿತು’ ಎಂದು ಧೈರ್ಯವಾಗಿರುತ್ತಾರೆ. ಸಾಲ ವಸೂಲಿಗೆ ಬ್ಯಾಂಕುಗಳು ನೆಚ್ಚಿಕೊಂಡಿರುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಶಿಕ್ಷಣ ಸಾಲಕ್ಕೆ ಅವರು ಕೇಳುವುದು ಪೇಟೆಯ ಮನೆ, ಸೈಟು ಅಥವಾ ಠೇವಣಿಯನ್ನು. ಬಗರ್ ಹುಕುಂ ಅರ್ಜಿ ಬಾಕಿಯಿರುವ ಜಾಗವಾದರಂತೂ ಕೇಳುವುದೇ ಬೇಡ. ಭರವಸೆಯ ಸಂಗತಿ ಎಂದರೆ, ಐಐಎಂನಂಥ ಸಂಸ್ಥೆಗಳಿಗೆ ದೊಡ್ಡ ಸರ್ಕಾರಿ ಬ್ಯಾಂಕುಗಳು ಆಧಾರವೇ ಇಲ್ಲದೆ ಪೂರ್ತಿ ಶುಲ್ಕಕ್ಕೆ ಸಾಲ ಕೊಡುತ್ತವೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲೂ ಆಯ್ದ ಉನ್ನತ ಸಂಸ್ಥೆಗಳಿಗೆ ಆಧಾರ, ಜಾಮೀನು ಎರಡೂ ಬೇಡ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇ 3 ಬಡ್ಡಿ ರಿಯಾಯಿತಿಯೂ ಇದೆ, ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳ ಮಿತಿಯಲ್ಲಿ. ಅಂದರೆ ಬ್ಯಾಂಕು ಕೂಡ ಸೀಟನ್ನೇ ಆಧಾರವೆಂದು ನೋಡುತ್ತದೆ. ಬ್ಯಾಂಕು ಯಾವ ಕಾಲೇಜಿನ ಹೆಸರು ಕೇಳಿ ಆಧಾರ ಬೇಡ ಎನ್ನುತ್ತದೆ, ಯಾವ ಹೆಸರು ಕೇಳಿ ಮನೆಪತ್ರ ತನ್ನಿ ಎನ್ನುತ್ತದೆ ಎಂಬುದನ್ನು ಗಮನಿಸಿ. ಆ ಕಾಲೇಜಿನ ಬೆಲೆ ಏನೆಂದು ಅದರಿಂದಲೇ ತಿಳಿಯುತ್ತದೆ.

ಮಂಡಿಯಿಂದ ಮುಂಗಡ ತಂದು ಶುಲ್ಕ ಕಟ್ಟುವವರೂ ಇದ್ದಾರೆ. ಪ್ರವೇಶದ ಮುಂಗಡ ಕಟ್ಟುವುದು ಏಪ್ರಿಲ್, ಮೇನಲ್ಲಿ, ಮೊದಲ ಕಂತು ಜೂನ್ ಸುಮಾರಿಗೆ. ಮಳೆ ಹಿಡಿಯುವ ಆ ಕಾಲಕ್ಕೆ ಕೈಯಲ್ಲಿ ದುಡ್ಡಿರುವುದಿಲ್ಲ, ಮಂಡಿಯ ಬಾಗಿಲು ಮಾತ್ರ ತೆರೆದಿರುತ್ತದೆ. ಆ ಸಾಲದ ಬಡ್ಡಿಗೆ ಆದಾಯ ತೆರಿಗೆಯ ವಿನಾಯಿತಿ ಸಿಗದು. ಬ್ಯಾಂಕಿನಿಂದ ತೆಗೆದ ಶಿಕ್ಷಣ ಸಾಲಕ್ಕಾದರೆ ಎಂಟು ವರ್ಷ, ಕಟ್ಟಿದ ಪೂರ್ತಿ ಬಡ್ಡಿಗೆ ವಿನಾಯಿತಿಯಿದೆ, ಹಳೆಯ ತೆರಿಗೆ ಪದ್ಧತಿಯಲ್ಲಿ. ಡಿಸೆಂಬರ್, ಜನವರಿಯಲ್ಲಿ ಸರಕು ಮಾರುವಾಗಲೇ ಈ ಬಾಬ್ತಿಗೆ ಒಂದಿಷ್ಟು ತೆಗೆದಿಟ್ಟರೆ ಜೂನ್‌ನಲ್ಲಿ ಯಾರ ಮುಂದೆಯೂ ನಿಲ್ಲಬೇಕಿಲ್ಲ.

ಕೊಪ್ಪದ ಕಡೆಯ ಬೆಳೆಗಾರರೊಬ್ಬರ ಮಗ ಬಂದಿದ್ದ. ಬಿಎಸ್ಸಿ ಕೃಷಿ ಓದಿದವನು, ಒಳ್ಳೆಯ ಅಂಕ. ಎಂಜಿನಿಯರುಗಳ ನಡುವೆ ತನಗೆ ಎಲ್ಲಿ ಜಾಗ ಎಂದು ಕುಗ್ಗಿಹೋಗಿದ್ದ. ಅಹಮದಾಬಾದ್ ಐಐಎಂನಲ್ಲಿ ಆಹಾರ ಮತ್ತು ಕೃಷಿ ವ್ಯವಹಾರಕ್ಕೆಂದೇ ಎರಡು ವರ್ಷದ ಕೋರ್ಸಿದೆ, ಲಖನೌ ಐಐಎಂನಲ್ಲೂ ಇದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ವರ್ಗೀಸ್ ಕುರಿಯನ್ 1979ರಲ್ಲಿ ಆನಂದ್‌ನಲ್ಲಿ ಕಟ್ಟಿದ ಇರ್ಮಾದ ಹೆಸರೂ ಕೇಳಿರಲಿಲ್ಲ. ಈ ಕೋರ್ಸುಗಳ ಸಾಲು ಚಿಕ್ಕದು. ಅಡಿಕೆ ಸಹಕಾರ ಸಂಘ ಹೇಗೆ ನಡೆಯುತ್ತದೆ, ಚೇಣಿ ಎಂದರೇನು, ಬೆಲೆ ಕುಸಿದಾಗ ಸಣ್ಣ ಬೆಳೆಗಾರ ಏನು ಮಾಡುತ್ತಾನೆ ಎಂದು ಕಣ್ಣಾರೆ ಕಂಡವನಿಗೆ ಅಲ್ಲಿನ ಸಂದರ್ಶನದಲ್ಲಿ ಹೇಳಲು ನಿಜವಾದ ವಿಷಯವಿದೆ. ಹಳ್ಳಿಯಿಂದ ಬಂದೆ ಎಂಬ ಕಾರಣಕ್ಕೇ ಯಾರೂ ಅಂಕ ಕೊಡುವುದಿಲ್ಲ. ಹಳ್ಳಿಯಲ್ಲಿ ಏನನ್ನು ಗಮನಿಸಿದೆ, ಏನು ಮಾಡಿದೆ ಎಂದು ಕೇಳಿ ಕೊಡುತ್ತಾರೆ. ಆ ಹುಡುಗ ಈಗ ಆ ದಾರಿಯಲ್ಲೇ ಓದುತ್ತಿದ್ದಾನೆ.

ವಿದೇಶದ ಕನಸಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹಾರ್ವರ್ಡ್ ತನ್ನ ಎಂಬಿಎಗೆ ವರ್ಷಕ್ಕೆ ಸೇರಿಸಿಕೊಳ್ಳುವುದು ಸುಮಾರು 930 ಜನರನ್ನು, ಸ್ಟ್ಯಾನ್‌ಫರ್ಡ್ ಅದರ ಅರ್ಧಕ್ಕೂ ಕಡಿಮೆ. ಇಡೀ ಜಗತ್ತಿನ ಸ್ಪರ್ಧೆ, ಅದರೊಳಗೆ ಭಾರತೀಯ ಎಂಜಿನಿಯರ್ ಹುಡುಗರ ಗುಂಪೇ ಅತಿ ದಟ್ಟ. ಎರಡು ವರ್ಷಕ್ಕೆ ತಗಲುವುದು ಎರಡು ಲಕ್ಷ ಡಾಲರಿಗೂ ಹೆಚ್ಚು. ಜೀಮ್ಯಾಟ್ ಪ್ರವೇಶ ಪರೀಕ್ಷೆಯ ಶುಲ್ಕ, ಪ್ರತಿ ಅರ್ಜಿಗೂ 20,000 ರೂಪಾಯಿ ಮೀರುವ ಶುಲ್ಕ, ಪ್ರಬಂಧ ತಿದ್ದಿಕೊಡುವ ಸಲಹೆಗಾರರ ದುಡ್ಡು ಬೇರೆ. ಮೊದಲು ಜೀಮ್ಯಾಟ್ ಬರೆದು ಅಂಕ ನೋಡಿ, ಅದು ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಆ ಅಂಕ ಕೈಗೆ ಬರುವವರೆಗೆ ಯಾವ ಸಲಹೆಗಾರನಿಗೂ ಒಂದು ರೂಪಾಯಿ ಕೊಡಬೇಡಿ.

ಇನ್ನು ಕೆಲವರಿಗೆ ‘ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಐಐಎಂ ಸೀಟು ಮಾಡಿಸಿಕೊಡುತ್ತೇವೆ’ ಎಂಬ ಫೋನು ಬರುತ್ತದೆ. ಐಐಎಂಗಳಲ್ಲಿ ಮ್ಯಾನೇಜ್‌ಮೆಂಟ್ ಕೋಟಾ ಎಂಬುದೇ ಇಲ್ಲ. ಹಾಗೆ ಹೇಳಿದವನು ಮೋಸಗಾರ.

ನೂರಕ್ಕೆ ಎಷ್ಟು ಎಂದು ಪ್ರಾಮಾಣಿಕವಾಗಿ ಬರೆದಾಗ ಕೆಲವು ಮನೆಗಳಲ್ಲಿ ಉತ್ತರ ತೀರಾ ಸಣ್ಣದಾಗಿ ಬರುತ್ತದೆ. ಆಗ ಬೇಸರದಲ್ಲಿ ಬೆಂಗಳೂರಿನ ಹೊರವಲಯದ ಯಾವುದೋ ಖಾಸಗಿ ಕಾಲೇಜಿಗೆ ಹತ್ತು ಲಕ್ಷ ಕಟ್ಟುವುದನ್ನು ಕಂಡಿದ್ದೇನೆ. ಹೆಸರಿಗೆ ಎಂಬಿಎ, ಕೊನೆಗೆ ಸಿಗುವುದು ಬಿಕಾಂ ಮಾಡಿದವರಿಗೂ ಸಿಗುವ ಮಾರಾಟದ ಕೆಲಸ. ನಮ್ಮೂರ ಭದ್ರಾ ಹಿನ್ನೀರಿನ ಆ ತುದಿಯಲ್ಲಿ, ಅಣೆಕಟ್ಟಿನ ಹತ್ತಿರದ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಅಲ್ಲಿ ಪಿಜಿಸಿಇಟಿ ಮೂಲಕ ಎಂಬಿಎ ಓದಬಹುದು, ಐಐಎಂ ಶುಲ್ಕಕ್ಕೆ ಹೋಲಿಸಿದರೆ ಖರ್ಚು ತೀರಾ ಕಡಿಮೆ. ಮೇಲಿನ ಹಂತದಲ್ಲಿ ದೆಹಲಿ ವಿಶ್ವವಿದ್ಯಾಲಯದ ಎಫ್‌ಎಂಎಸ್ ಇದೆ. ಸ್ಪರ್ಧೆ ಐಐಎಂನಷ್ಟೇ ಕಠಿಣ, ಶುಲ್ಕ ಅದರ ಒಂದು ಸಣ್ಣ ಪಾಲು. ಕೆಲಸದಲ್ಲೇ ಇನ್ನೊಂದು ವರ್ಷ ಮುಂದುವರಿದು ಮತ್ತೆ ಕ್ಯಾಟ್ ಬರೆಯುವುದೂ ಒಳ್ಳೆಯ ದಾರಿಯೇ. ಬೆಂಗಳೂರು ಐಐಎಂನ ಸೂತ್ರದಲ್ಲಿ ಮೂರು ವರ್ಷದವರೆಗೆ ಅನುಭವಕ್ಕೆ ಅಂಕ ಏರುತ್ತಲೇ ಹೋಗುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ. ಐಐಎಂಗೆ 20 ಲಕ್ಷ ಸಾಲ ಮಾಡಬಹುದು, ಹೆಸರಿಲ್ಲದ ಕಾಲೇಜಿಗೆ ಐದು ಲಕ್ಷವನ್ನೂ ಸಾಲ ಮಾಡಬಾರದು.

ಕ್ಯಾಟ್ ನೋಂದಣಿ ಸಾಮಾನ್ಯವಾಗಿ ಆಗಸ್ಟ್ ಮೊದಲ ವಾರ ತೆರೆದು ಸೆಪ್ಟೆಂಬರ್ ಮಧ್ಯದಲ್ಲಿ ಮುಗಿಯುತ್ತದೆ. ಕೇಂದ್ರದ ನಮೂನೆಯ ಕೆನೆಪದರ ರಹಿತ ಅಥವಾ ಆರ್ಥಿಕ ಹಿಂದುಳಿದ ಪ್ರಮಾಣಪತ್ರ ಅದೇ ಆರ್ಥಿಕ ವರ್ಷದ್ದೇ ಆಗಿರಬೇಕು. ನಮ್ಮ ಮಲೆನಾಡಿನಲ್ಲಿ ಜುಲೈ, ಆಗಸ್ಟ್ ಎಂದರೆ ಮರ ಬಿದ್ದು ಕರೆಂಟು ಹೋಗಿ, ಸರ್ವರ್ ನಿಂತು ನಾಡಕಚೇರಿಯ ಕೆಲಸ ತಡವಾಗುವ ಕಾಲ. ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲೇ ಅರ್ಜಿ ಕೊಡಿ.